ಹವಳದ ಪಾತಿಗೆ ಕೊಟ್ಟ ಬಾಗಿನ

ತಿರುಮಕೂಡಲು ನರಸೀಪುರ
ಇಸವಿ ಎರಡು ಸಾವಿರದ ಇನ್ನೂರ ಹದಿನೆಂಟು, ಕಡುಬೇಸಗೆ ತಿಂಗಳ ಮೂವತ್ತನಾಲ್ಕನೆಯ ದಿನ

ತೇಜಾವತಿ ಅಜ್ಜಿಯವರಿಗೆ ನಮಸ್ಕಾರಗಳು.

ಮೂವತ್ತನಾಲ್ಕನೆಯ ದಿನ ಎಂಬುದನ್ನು ಓದಿ ಇವಳಿಗೆ ಎಣಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಈಗ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ, ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಇಂಥ ವಿಚಿತ್ರಗಳು ಈ ಕಾಗದದಲ್ಲಿ ಇನ್ನೂ ಬರುತ್ತವೆ, ನಿಮಗೆ ಗೊತ್ತಿಲ್ಲದ ಮಾತುಗಳೂ ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮಿಸಿ. ನಿಮಗಿನ್ನೂ ಮೂವತ್ತಾರು, ನನಗೆ ಐವತ್ತೆಂಟು. ಆದರೆ ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಬೇರೆ ಏನೆಂದು ಕರೆಯಲಿ. ನನ್ನ ಹೆಸರು ಸಣ್ಣಮ್ಮಣ್ಣಿ. ನಿಮ್ಮ ಕಾಲಕ್ಕೆ ಹಳತಾಗಿದ್ದ ಹೆಸರುಗಳೆಲ್ಲ ನಮ್ಮ ಕಾಲಕ್ಕೆ ಹೊಸದಾಗಿ ವಾಪಸ್ಸು ಬಂದಿವೆ.

ನಾನು ಬರೆಯುತ್ತಿರುವುದು ಹಿಂದೋಲೆ. ತಪ್ಪು ಮಾಡಿದವರು ಅದನ್ನು ಸಭೆಗೆ ಒಪ್ಪಿಸುವ ಮೊದಲು ತಮ್ಮ ಮನೆಯ ಯಾರಾದರೂ ಹಿರಿಯರಿಗೆ, ಸತ್ತು ನೂರು ವರ್ಷವಾದರೂ ಕಳೆದವರಿಗೆ, ನಡೆದದ್ದನ್ನೆಲ್ಲ ಬರೆಯಬೇಕು. ಅದೇ ಓಲೆಯನ್ನು ಸಭೆಯಲ್ಲಿ ಓದುತ್ತಾರೆ. ಇದು ಕಾಟಾಚಾರದ ಕ್ರಮವಲ್ಲ. ಅಕ್ಕಪಕ್ಕದವರಿಗೆ ಹೇಳುವಾಗ "ನಿಮಗೇ ಗೊತ್ತಲ್ಲ" ಎಂದು ಅರ್ಧ ನುಂಗಿಬಿಡಬಹುದು. ಏನೂ ಗೊತ್ತಿಲ್ಲದವರಿಗೆ ಹೇಳುವಾಗ ಎಲ್ಲವನ್ನೂ ಬುಡದಿಂದ ಹೇಳಬೇಕು, ನುಂಗಲು ಜಾಗವಿರುವುದಿಲ್ಲ. ನಾನು ಆರು ವರ್ಷ ಈ ಕಾಗದಕ್ಕೆ ಕೂರದೆ ತಪ್ಪಿಸಿಕೊಂಡು ತಿರುಗಿದ್ದು ಅದಕ್ಕೇ.

ನಿಮ್ಮನ್ನೇ ಏಕೆ ಆರಿಸಿಕೊಂಡೆ ಎಂದರೆ, ಈಗ, ಅಂದರೆ ನಿಮ್ಮ ಡೈರಿಯ ವರ್ಷದಲ್ಲಿ, ನೀವು ಮಂಡ್ಯದಲ್ಲಿ ಕಾಲೇಜಿನ ಪಾಠ ಮುಗಿಸಿ ಸಂಜೆ ಊಟದ ಮೇಜಿನ ಮುಂದೆ ಕೂತು ಕೆರಿಬಿಯನ್ ಸಮುದ್ರದ ಮರೀಲಾ ದ್ವೀಪಕ್ಕೆ ಹೋಗುವ ರಜೆಯ ಯೋಜನೆ ಹಾಕುತ್ತಿದ್ದೀರಿ. ಆ ಡೈರಿ ನಮ್ಮ ಮನೆಯಲ್ಲಿದೆ. ಎರಡು ಕಡೆ ವಿಮಾನ ಬದಲಿಸುವುದು, ವೀಸಾಕ್ಕೆ ಬೇಕಾದ ಕಾಗದಗಳು, ಸ್ಕೂಬಾ ಕಲಿಯಲು ಮುರುಡೇಶ್ವರದಲ್ಲಿ ನಾಲ್ಕು ದಿನ, ಕನ್ನಡಕದ ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂಬ ಪ್ರಶ್ನೆ, ಹವಳಕ್ಕೆ ಕೇಡಾಗದ ಸನ್‌ಸ್ಕ್ರೀನ್, ಅಮ್ಮನನ್ನು ಹತ್ತು ದಿನ ಯಾರು ನೋಡಿಕೊಳ್ಳುವುದು. ಎಷ್ಟು ಅಚ್ಚುಕಟ್ಟು ನಿಮ್ಮದು. ನನಗೂ ಹಾಗೆಯೇ, ಎಲ್ಲಕ್ಕೂ ಪಟ್ಟಿ ಬೇಕು; ಆ ಚಟ ಎಲ್ಲಿಂದ ಬಂತೆಂದು ನಿಮ್ಮ ಡೈರಿ ನೋಡಿದ ಮೇಲೆ ತಿಳಿಯಿತು. ಕೊನೆಯ ಪುಟದಲ್ಲಿ ಒಂದೇ ಮಾತಿದೆ: ರದ್ದು. ಯಾಕೆಂದು ನೀವು ಬರೆದಿಲ್ಲ. ನೀವು ಹೋಗಲಿಲ್ಲ ಎನ್ನುವುದು ನನಗೆ ಗೊತ್ತಿದೆ, ನಿಮಗೆ ಇನ್ನೂ ಗೊತ್ತಿಲ್ಲ, ಹೀಗೆ ಹೇಳಿ ಮನಸ್ಸು ಮುರಿಯುತ್ತಿರುವುದಕ್ಕೆ ಬೇಸರವಾಗುತ್ತದೆ. ಆದರೆ ನೀವು ಹೋಗದೆ ಇದ್ದದ್ದೇ ನಮ್ಮ ಮನೆಗೆ ದೊಡ್ಡ ಗೌರವ ತಂದಿತು.

ಅದು ಹೇಗೆಂದು ಹೇಳುತ್ತೇನೆ. ನಿಮ್ಮ ಕಾಲದ ನಂತರ ಮರೀಲಾದ ಸುತ್ತಲ ಹವಳವೆಲ್ಲ ಬಿಳಿಚಿ ಸತ್ತಿತು. ಬಿಸಿಯಿಂದ ಅರ್ಧ, ನೋಡಲು ಬಂದವರ ಕೈಕಾಲು, ಎಣ್ಣೆ, ಬಣ್ಣಗಳಿಂದ ಅರ್ಧ. ದ್ವೀಪದ ಜನ ಎಂಬತ್ತು ವರ್ಷ ಯಾರನ್ನೂ ನೀರಿಗೆ ಬಿಡಲಿಲ್ಲ. ಆಮೇಲೆ ಬದುಕಿದ ಚೂರುಗಳನ್ನು ಆರಿಸಿ, ನಾವು ಭತ್ತದ ಸಸಿ ಎಬ್ಬಿಸುವ ಹಾಗೆ, ನೀರಿನೊಳಗೆ ಪಾತಿ ಮಾಡಿ ಬೆಳೆಸಿದರು. ಒಂದು ಪಾತಿ ನಾಟಿಗೆ ಬರಲು ಹದಿನೈದು ವರ್ಷ ಬೇಕು. ಈಗ ವರ್ಷಕ್ಕೆ ನಲವತ್ತು ಜನರನ್ನು ಮಾತ್ರ ಒಳಗೆ ಬಿಡುತ್ತಾರೆ, ಅದೂ ಹಿಂದೆ ಯಾರೂ ಅಲ್ಲಿ ಮುಳುಗಿ ಹಾಳು ಮಾಡಿಲ್ಲವೆಂದು ತೋರಿಸಬಲ್ಲ ಮನೆಗಳವರನ್ನು. ಅಂಥ ಮನೆಗೆ ಕೈಶುದ್ಧದ ಮನೆ ಎನ್ನುತ್ತಾರೆ. ಒಂದೊಂದು ಮನೆಗೆ ಎರಡು ನೀರುಸರದಿ: ಮೊದಲು ದೊಡ್ಡವರದು, ಏಳು ವರ್ಷ ಬಿಟ್ಟು ಚಿಕ್ಕವರದು. ನಾವು ನಿಮ್ಮ ಡೈರಿಯ ಕೊನೆಯ ಪುಟವನ್ನು ತೋರಿಸಿ ಸರದಿ ಪಡೆದೆವು. ಆಸೆಪಟ್ಟೂ ಹೋಗದವರ ಮನೆ ಎಂದು ದ್ವೀಪದವರು ನಮಗೆ ವಿಶೇಷ ಮರ್ಯಾದೆಯ ಮಾತು ಬರೆದಿದ್ದರು.

ದೊಡ್ಡವರ ಸರದಿಗೆ ನಾನು ಮತ್ತು ನನ್ನ ಸೋದರತ್ತೆ ಚಿಕ್ಕತಾಯಮ್ಮ ಹೊರಟೆವು. ಎರಡು ವರ್ಷ ಯೋಜನೆ ಹಾಕಿದೆ. ಗಾಳಿಹಡಗಿನಲ್ಲಿ ನಲವತ್ತೇಳು ದಿನದ ದಾರಿಗೆ ಎಷ್ಟು ಹುರಿಹಿಟ್ಟು, ಎಷ್ಟು ಒಣಗಿಸಿದ ನಿಂಬೆಕಾಯಿ, ಅತ್ತೆಯ ಮಂಡಿನೋವಿಗೆ ಯಾವ ಬಟ್ಟೆ, ಎಲ್ಲ ಬರೆದಿಟ್ಟೆ. ಊರ ಕಲ್ಯಾಣಿಯಲ್ಲಿ ಉಸಿರುಚೀಲ ಕಟ್ಟಿಕೊಂಡು ಮುಳುಗುವುದನ್ನು ಕಲಿತೆವು. ಉಸಿರುಚೀಲವೆಂದರೆ ನಿಮ್ಮ ಸ್ಕೂಬಾದ ಸಿಲಿಂಡರಿನ ಮೊಮ್ಮಗು: ಬೆನ್ನಿಗೆ ಅಂಟಿಕೊಳ್ಳುವ ಮೆತ್ತನೆಯ ಚೀಲ, ನೀರಿನಿಂದಲೇ ಗಾಳಿ ಹೀರುತ್ತದೆ. ಎಪ್ಪತ್ತೊಂದರ ಅತ್ತೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದನ್ನು ನೋಡಲು ಊರಿಗೆ ಊರೇ ಮೆಟ್ಟಿಲ ಮೇಲೆ ಕೂತಿತ್ತು. ನನಗಿಂತ ಬೇಗ ಕಲಿತಳು, ಬೇಡವೆಂದರೂ ನನಗೆ ಪಾಠ ಹೇಳಿದಳು.

ದ್ವೀಪದವರ ನಿಯಮ ಒಂದೇ, ಅದು ಸ್ಪಷ್ಟವಾಗಿತ್ತು. ನೀರಿಗಿಳಿಯುವ ಮುಂಚೆ ಇಪ್ಪತ್ತೊಂದು ದಿನ ನೀರುಮಡಿಯಲ್ಲಿರಬೇಕು: ಮೈಗೆ ಎಣ್ಣೆಯಿಲ್ಲ, ಸೋಪಿಲ್ಲ, ಅರಿಶಿನ ಕುಂಕುಮವಿಲ್ಲ, ತಲೆಗೆ ಸೀಗೆಕಾಯಿಯೂ ಇಲ್ಲ. ನೀರೊಳಗೆ ದೇಹ, ಬಟ್ಟೆ, ಮಾಸ್ಕು, ಉಸಿರುಚೀಲ ಬಿಟ್ಟು ಒಂದು ಕಾಳು ಕೂಡ ಒಯ್ಯುವಂತಿಲ್ಲ. ನಾನದನ್ನು ಪಟ್ಟಿಯ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಆದರೆ ಅಜ್ಜಿ, ನಾವು ಎರಡು ಹೊಳೆ ಸೇರುವ ಊರಿನವರು. ಹೊಳೆ ತುಂಬಿದಾಗ ಬಾಗಿನ ಕೊಡದೆ ನಾವು ನೀರಿಗೆ ಕಾಲಿಡುವವರಲ್ಲ, ನಿಮಗದು ಹೇಳಬೇಕಾಗಿಲ್ಲ. ಹೊರಡುವ ವಾರ ಅತ್ತೆ ಅಂಗೈಯಗಲದ ಎರಡು ಮೊರ ಹೆಣೆಸಿ ತಂದಳು. ಒಂದರಲ್ಲಿ ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲದ ಚೂರು, ಎರಡು ಹಸಿರು ಬಳೆ ಇಟ್ಟು ಇನ್ನೊಂದನ್ನು ಕವುಚಿ ದಾರ ಸುತ್ತಿದಳು. "ಗಂಗವ್ವನ ಮನೆ ಬಾಗ್ಲಿಗೆ ಬರಿಗೈಲಿ ಓಯ್ತೀವೇನೇ? ಎಂಥಾ ಜನ ಇವ್ರು ಅಂದ್ಕಳಕಿಲ್ವಾ?" ಎಂದಳು. ನಿಯಮ ಓದಿ ಹೇಳಿದೆ. "ಅದು ಬ್ಯಾರೆಯವ್ರಿಗೆ ಕಣೆ, ಶಾಸ್ತ್ರ ಗೊತ್ತಿಲ್ದವ್ರಿಗೆ" ಎಂದಳು. ಹಾಗೆ ಹೇಳಿದವಳು ಅತ್ತೆಯೇ, ಆದರೆ ಉಸಿರುಚೀಲದ ಒಳಪದರ ಬಿಚ್ಚಿ ಅದರೊಳಗೆ ಮೊರ ಇಟ್ಟು ಹೊಲಿದದ್ದು ನನ್ನ ಕೈ. ಹೊಲಿಗೆ ಚೆನ್ನಾಗಿ ಬಂದಿದೆ ಎಂದು ನಾನು ಖುಷಿಪಟ್ಟದ್ದೂ ನಿಜ. ನಮ್ಮ ಶಾಸ್ತ್ರದಿಂದ ಯಾರಿಗಾದರೂ ಕೆಡುಕಾದೀತು ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಮಡಿಯ ವಿಷಯದಲ್ಲಿ ನಮಗೆ ಹೇಳಿಕೊಡಲು ಬರುವವರು ಯಾರು ಎಂಬ ಜಂಬ.

ಮರೀಲಾದಲ್ಲಿ ನಮ್ಮನ್ನು ಇದಿರುಗೊಂಡವಳು ಆಲ್ತಿಯಾ. ಅವಳು ಪಾತಿ ಕಾಯುವವಳು, ಆಗ ನಲವತ್ತರ ಹೆಂಗಸು, ಅಗಲ ಭುಜ, ಉಪ್ಪುನೀರಿಗೆ ಸದಾ ಕೆಂಪಾದ ಕಣ್ಣು. ನಾವು ಇಳಿಯಬೇಕಾದ ಪಾತಿಯನ್ನು ಇಪ್ಪತ್ತಾರನೆಯ ವಯಸ್ಸಿನಿಂದ ತಾನೇ ಬೆಳೆಸಿದ್ದಳು, ಮರುವರ್ಷ ಅದು ನಾಟಿಗೆ ಹೋಗುವುದಿತ್ತು. ನಮ್ಮ ಕಾಲದಲ್ಲಿ ಪರದೇಶಕ್ಕೆ ಹೋಗುವವರು ಕಿವಿಗೆ ಮಾತುಮಣಿ ಹಾಕುತ್ತಾರೆ. ಎದುರಿನವರು ಯಾವ ಭಾಷೆ ಆಡಿದರೂ ಅದು ನಮ್ಮ ಹುಟ್ಟೂರಿನ ಮಾತಿನಲ್ಲೇ ಕೇಳಿಸುತ್ತದೆ. ಹಾಗಾಗಿ ಆಲ್ತಿಯಾ ನನ್ನ ಕಿವಿಗೆ ನರಸೀಪುರದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಹಾಗೇ ಮಾತಾಡಿದಳು. "ಬನ್ನಿ ಬನ್ನಿ, ಎಲ್ಡು ವರ್ಸದಿಂದ ನಿಮ್ದೇ ದಾರಿ ಕಾಯ್ತಾ ಇವ್ನಿ" ಎಂದಳು. ಇಪ್ಪತ್ತೊಂದು ದಿನದ ನೀರುಮಡಿಯಲ್ಲಿ ಅವಳೂ ನಮ್ಮ ಜೊತೆಗೇ ಇದ್ದಳು, ಬೇಯಿಸಿದ ಗೆಣಸು, ಮೀನು ಬಡಿಸಿದಳು, ಮೀನು ತಿನ್ನದ ಅತ್ತೆಗೆಂದು ಹಲಸಿನಂಥ ಒಂದು ಕಾಯಿ ಸುಟ್ಟುಕೊಟ್ಟಳು. ಅತ್ತೆ ಅವಳ ತಲೆ ಸವರಿ ಹರಸಿದಳು. ಮೂರು ವಾರದಲ್ಲಿ ನಾವು ಒಂದೇ ಒಲೆಯವರಾಗಿದ್ದೆವು.

ಮೊದಲ ಇಳಿತದ ದಿನ ಅತ್ತೆಗೆ ಕಿವಿನೋವು ಬಂದು ದಡದಲ್ಲೇ ಉಳಿದಳು. ನಾನು ಆಲ್ತಿಯಾಳ ಹಿಂದೆ ಇಳಿದೆ. ಅದನ್ನು ಚೆನ್ನಾಗಿ ವರ್ಣಿಸಿ ನಿಮ್ಮ ಹೊಟ್ಟೆ ಉರಿಸುವ ಹಕ್ಕು ನನಗಿಲ್ಲ. ಇಷ್ಟು ಹೇಳುತ್ತೇನೆ: ಹನ್ನೆರಡು ಮೀಟರಿನ ಆಳದಲ್ಲಿ, ಮಂಚದಂಥ ಚೌಕಟ್ಟುಗಳ ಮೇಲೆ ಸಾವಿರಾರು ಎಳೆ ಹವಳ, ಕೆಲವು ಕಂದು, ಕೆಲವು ತಿಳಿನೇರಳೆ, ನಡುವೆ ಬೆರಳುಗಾತ್ರದ ಹಳದಿ ಮೀನುಗಳು. ನಾನು ಅತ್ತುಬಿಟ್ಟೆ, ಮಾಸ್ಕಿನೊಳಗೆ ಅತ್ತರೆ ಎಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಆಲ್ತಿಯಾ ಆಚೆ ತುದಿಯಲ್ಲಿ ಒಂದು ಚೌಕಟ್ಟು ಸರಿಪಡಿಸುತ್ತಿದ್ದಾಗ ಹೊಲಿಗೆ ಕಿತ್ತು ಬಾಗಿನ ತೆಗೆದೆ. ತೇಲಿಹೋಗದಂತೆ ಒಂದು ಚೌಕಟ್ಟಿನ ಕೆಳಗೆ ಸೇರಿಸಿ ಕಲ್ಲು ಹೇರಿದೆ. ಕೈಮುಗಿದೆ. ನನ್ನ ಜನ್ಮ ಸಾರ್ಥಕವಾಯಿತೆಂದು ಆ ಹೊತ್ತಿಗೆ ನಿಜವಾಗಿ ಅನಿಸಿತು.

ಹತ್ತು ದಿನ ಬಿಟ್ಟು ಎರಡನೆಯ ಇಳಿತ. ಅದೇ ಚೌಕಟ್ಟಿನ ಮೂಲೆಯಲ್ಲಿ ಮೊರದಗಲದ ಬಿಳಿ ಕಾಣಿಸಿತು. ಕೆಳಗೆ ಮೊರ ಬೂಸಲು ಹಿಡಿದು ಉಬ್ಬಿತ್ತು, ಕೆಂಪು ಬಣ್ಣ ಎಳೆ ಎಳೆಯಾಗಿ ಮೇಲೇಳುತ್ತಿತ್ತು. ಕುಂಕುಮದ ಬಣ್ಣವೋ, ಅರಿಶಿನವೋ, ಕೊಳೆತ ಅಕ್ಕಿಯೋ, ಯಾವುದು ಕೊಂದಿತೆಂದು ನಾನು ಹೇಳಲಾರೆ. ಇದರಿಂದಲೇ ಎಂಬುದು ಮಾತ್ರ ನೋಡಿದ ಕೂಡಲೆ ತಿಳಿಯಿತು. ನಾನು ಮಾಡಿದ್ದು ಕೇಳಿ. ಆಲ್ತಿಯಾ ತಿರುಗುವುದರೊಳಗೆ ಮೊರವನ್ನು ಕಿತ್ತು ಮಡಿಸಿ ಚೀಲದ ಪದರಕ್ಕೆ ತುರುಕಿ, ಬೆನ್ನು ತಿರುಗಿಸಿ, ಮೀನು ನೋಡುತ್ತಿರುವವಳ ಹಾಗೆ ನಿಂತೆ.

ಮೂರೇ ದಿನದಲ್ಲಿ ಬಿಳಿ ನಾಲ್ಕು ಚೌಕಟ್ಟಿಗೆ ಹಬ್ಬಿತು. ಆಲ್ತಿಯಾ ನಮ್ಮ ಜಗಲಿಗೆ ಬಂದಳು, ಮೈಯ ನೀರು ಇನ್ನೂ ಇಳಿಯುತ್ತಿತ್ತು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು. "ಅವ್ವಾ, ನೀರ್ಗೆ ಏನಾರ ತಕ್ಕಂಡು ಓಗಿದ್ರಾ? ಎಣ್ಣೆನೋ, ಪುಡಿನೋ, ಏನಾರ. ಇದ್ರೆ ಹೇಳ್ಬುಡಿ, ನಾ ಬೈಯಕಿಲ್ಲ. ಯಾವ್ ಮೂಲೆಯಿಂದ ಸುರುವಾಯ್ತು ಅಂತ ಗೊತ್ತಾದ್ರೆ ಆ ಕಡೆದ ಕುಯ್ದು ಬಿಸಾಕಿ ಮಿಕ್ಕಿದ್ದ ಉಳಿಸ್ಕಬೋದು."

ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ನಮ್ಮದು ಕೈಶುದ್ಧದ ಮನೆ, ನಿಮಗೆ ಗೊತ್ತಲ್ಲ ಎಂದೂ ಸೇರಿಸಿದೆ. ಅವಳು ನಂಬಿದಳು. "ತೆಪ್ಪಾಯ್ತು ಕಣವ್ವ, ಕೇಳ್ಬಾರ್ದಿತ್ತು" ಎಂದು ನನ್ನ ಮೊಣಕಾಲು ಮುಟ್ಟಿ ಎದ್ದುಹೋದಳು. ಬಾಗಿನ ಇಟ್ಟದ್ದು ಮೌಢ್ಯ, ಅದನ್ನು ಯಾರಾದರೂ ಕ್ಷಮಿಸಿಯಾರು. ಅವಳು ಹಾಗೆ ಕೇಳಿದಾಗ ಇಲ್ಲ ಎಂದದ್ದಿದೆಯಲ್ಲ, ಅದಕ್ಕೆ ಹೆಸರಿಲ್ಲ. ಹೇಳಿದ್ದರೆ ಅರ್ಧ ಪಾತಿ ಆಗಲೂ ಉಳಿಯುತ್ತಿತ್ತು.

ಇಪ್ಪತ್ತು ದಿನದಲ್ಲಿ ಇಡೀ ಪಾತಿ ಸುಣ್ಣದ ಹಾಗಾಯಿತು. ದ್ವೀಪದ ಸಭೆ ಸೇರಿತು, ಹಡಗು ಬರುವವರೆಗೆ ಉಳಿದಿದ್ದ ನಾವೂ ಹೋಗಿ ಕೂತೆವು. ಆಲ್ತಿಯಾ ಎದ್ದುನಿಂತು ಹೇಳಿದ್ದು ನನ್ನ ಕಿವಿಯಲ್ಲಿ ನನ್ನೂರಿನ ಮಾತಿನಲ್ಲೇ ಇದೆ. "ನನ್ ತಂಗಿ ಮಗೀಗೆ ಎಣ್ಣೆನೀರು ಉಯ್ದೆ. ಕೈಯ ಮೂರು ಸಲ ಉಜ್ಜಿ ತೊಳ್ಕಂಡೆ, ಸಾಕು ಅಂದ್ಕಂಡೆ. ಸಾಕಾಗಿಲ್ಲ. ಪಾತಿ ಸಾಯ್ಸಿದ್ದು ನಾನೇಯ." ಯಾರೂ ಅವಳನ್ನು ಬೈಯಲಿಲ್ಲ. ಅವಳಾಗಿಯೇ ಉಸಿರುಚೀಲ ಬಿಚ್ಚಿ ನೆಲದ ಮೇಲಿಟ್ಟಳು. ಪಾತಿ ಕಳೆದುಕೊಂಡ ಕಾವಲಿನವರು ನೀರು ಬಿಟ್ಟು ದಡ ಹತ್ತಬೇಕು ಎನ್ನುವುದು ಅಲ್ಲಿಯ ಕಟ್ಟಳೆ. ಅತ್ತೆ ನನ್ನ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. ಆ ಮುದುಕಿಗೆ ನಾನು ಎರಡನೆಯ ಇಳಿತದ ವಿಷಯ ಹೇಳಿರಲಿಲ್ಲ, ಕೊನೆಗೂ ಹೇಳಲಿಲ್ಲ. "ಪಾಪ, ಒಳ್ಳೆ ಹೆಂಗ್ಸು, ಎಂಥಾ ಎಡವಟ್ಟು ಮಾಡ್ಕಂಡ್ಳು ನೋಡು" ಎಂದಳು. ನಾನು ಹ್ಞೂಗುಟ್ಟಿದೆ.

ಊರಿಗೆ ಬಂದ ಮೇಲೆ ಆದದ್ದು ಇನ್ನೂ ಹೇಸಿಗೆ. ನಮ್ಮ ಸಣ್ಣಮ್ಮಣ್ಣಿ ಏಳು ಸಮುದ್ರದಾಚೆ ಗಂಗವ್ವನಿಗೆ ಬಾಗಿನ ಕೊಟ್ಟು ಬಂದಳೆಂದು ಅತ್ತೆ ಹೆಮ್ಮೆಯಿಂದ ಮನೆಮನೆಗೆ ಹೇಳಿದಳು. ಅಂದಿನಿಂದ ಪ್ರತಿವರ್ಷ ಹೊಳೆ ತುಂಬಿದಾಗ ಮೊದಲ ಬಾಗಿನ ನನ್ನ ಕೈಯಿಂದಲೇ ಕೊಡಿಸುತ್ತಾರೆ. ಆರು ವರ್ಷ ನಾನು ರೇಷ್ಮೆ ಸೀರೆ ಉಟ್ಟು ಮೆಟ್ಟಿಲಿಳಿದಿದ್ದೇನೆ, ಹೆಂಗಸರು ನನ್ನ ಕಾಲಿಗೆ ಬಿದ್ದಿದ್ದಾರೆ. ಮೊರವನ್ನು ನೀರಿಗೆ ಬಿಡುವಾಗ ಪ್ರತಿಸಲವೂ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ಅದು ಭಕ್ತಿ ಎಂದು ನೋಡುವವರು ಹೇಳುತ್ತಾರೆ. ಅತ್ತೆ ಎರಡು ವರ್ಷದ ಹಿಂದೆ ಸಂತೋಷವಾಗಿಯೇ ತೀರಿಕೊಂಡಳು.

ಮರೀಲಾದ ವರ್ತಮಾನ ವರ್ಷಕ್ಕೊಮ್ಮೆ ತಂತಿಮನೆಗೆ ಬರುತ್ತದೆ. ಆಲ್ತಿಯಾ ಈಗ ದಡದಲ್ಲಿ ಕೂತು, ಬಂದವರ ಉಸಿರುಚೀಲಗಳನ್ನು ತೊಳೆದು ಒಣಹಾಕುತ್ತಾಳಂತೆ. ದಡ ಹತ್ತಿದವರು ಏಳು ವರ್ಷದೊಳಗೆ ನಿರಪರಾಧಿ ಎಂದು ಗೊತ್ತಾದರೆ ಮತ್ತೆ ಪಾತಿಗೆ ಇಳಿಯಬಹುದು. ಏಳು ದಾಟಿದರೆ ಮೈ ನೀರನ್ನು ಮರೆತಿರುತ್ತದೆ ಎಂದು ಮತ್ತೆಂದೂ ಬಿಡುವುದಿಲ್ಲ. ಇನ್ನು ಉಳಿದಿರುವುದು ಐದು ತಿಂಗಳು. ನಾನು ಒಪ್ಪಿಕೊಂಡರೆ ನಮ್ಮ ಮನೆ ಕೈಶುದ್ಧದ ಪಟ್ಟಿಯಿಂದ ಹೋಗುತ್ತದೆ, ಚಿಕ್ಕವರ ಸರದಿಯೂ ಹೋಗುತ್ತದೆ. ಆ ಸರದಿ ನನ್ನ ಮಗಳ ಮಗಳು ಸಿರಿಗೌರಿಯದು. ಅವಳಿಗೆ ಹತ್ತೊಂಬತ್ತು. ಹದಿಮೂರನೆಯ ವರ್ಷದಿಂದ ಕಲ್ಯಾಣಿಯಲ್ಲಿ ಮುಳುಗಿ ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು, ಸುಮ್ಮನಿದ್ದದ್ದು ನನ್ನ ರೇಷ್ಮೆ ಸೀರೆಗಾಗಿ.

ಮೊನ್ನೆ ಸಿರಿಗೌರಿ ತನ್ನ ಪಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಹಡಗಿನ ದಿನ, ಹುರಿಹಿಟ್ಟು, ಚೀಲ, ಎಲ್ಲ ಓದಿದಳು. ನಿಮ್ಮ ಡೈರಿಯ ಅಚ್ಚುಕಟ್ಟೇ. ಕೊನೆಗೆ ದನಿ ತಗ್ಗಿಸಿ, "ಅಜ್ಜೀ, ಬಾಗಿನವ ಎಲ್ಲಿ ಮಡಗಿದ್ದೆ? ಹೊಲಿಗೆ ಎಂಗೆ ಹಾಕ್ದೆ ಅಂತ ತೋರ್ಸ್ಕೊಡು. ನಾನೂ ಕೊಟ್ಟು ಬತ್ತೀನಿ" ಎಂದಳು. ನಾಳೆ ತೋರಿಸುತ್ತೇನೆ ಎಂದು ಕಳಿಸಿ, ಹಾಳೆ ತೆಗೆದುಕೊಂಡು ಕೂತೆ. ಈ ಓಲೆಗೆ ಮೂರು ದಿನ ಹಿಡಿದಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ವೇಳೆ ನೀವು ಹೋದರೂ, ಅಲ್ಲಿಗಲ್ಲದೆ ಬೇರೆ ಯಾವ ನೀರಿಗೆ ಹೋದರೂ, ಅಲ್ಲಿಯವರು ಬೇಡವೆಂದದ್ದನ್ನು ನಮ್ಮದು ಒಳ್ಳೆಯದೆಂಬ ಧೈರ್ಯದಿಂದ ಒಯ್ಯಬೇಡಿ. ಒಯ್ದಿದ್ದರೆ, ಯಾರಾದರೂ ಬಂದು ಮೆಲ್ಲಗೆ ಕೇಳಿದಾಗ, ಆಗಲೇ ಹೇಳಿಬಿಡಿ. ಒಂದು ದಿನ ತಡವಾದರೆ ಆಮೇಲೆ ಹೇಳುವುದು ಬಹಳ ಕಷ್ಟ. ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲ ಎಂದು ಗೊತ್ತು, ಮರೀಲಾದ ಸಭೆಯಲ್ಲಿ ಓದಿದಾಗ ಆಲ್ತಿಯಾಳನ್ನು ಮುಟ್ಟುತ್ತದೆ. ಅವಳ ಹತ್ತಿರ ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದಿಲ್ಲ. ಪಾತಿ ಸಾಯಿಸಿದ್ದು ನಾನು. ಅವಳ ಕೈ ಶುದ್ಧವಾಗಿತ್ತು.

ಇಷ್ಟು ಬರೆದು ಊಟಕ್ಕೆ ಎದ್ದೆ. ಓಲೆ ಹಿಡಿದು ಮರೀಲಾದ ಸಭೆಗೆ ಹೊರಡುವ ಮೊದಲು ಸಿರಿಗೌರಿಗೆ ಗೊತ್ತಾಗಬೇಕೆಂದು, ಅವಳು ಮುದ್ದೆ ಮುರಿಯುತ್ತಿದ್ದಾಗ ಎಲ್ಲ ಹೇಳಿದೆ. ಹೊಲಿಗೆ, ಮೊರ, ಬಿಳಿ, ಜಗಲಿಯ ಮೇಲೆ ನಾನಾಡಿದ ಮಾತು, ಹೋಗಲಿರುವ ಅವಳ ಸರದಿ. ಅಳುತ್ತಾಳೆ, ತಟ್ಟೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎಸೆಯಲಿ ಎಂದೇ ಕಾದೆ. ಅವಳು ಬಾಯಿಯ ತುತ್ತು ನುಂಗಿ, ನೀರು ಕುಡಿದು, ಒಂದೇ ಮಾತು ಕೇಳಿದಳು: "ಆ ಯಮ್ಮ ಇವತ್ತೂ ದಡದ ಮೇಲೇ ಅವ್ಳಾ?"

ಹ್ಞೂ ಎಂದೆ.

"ಮತ್ತೆ ನೀನ್ಯಾಕೆ ಇನ್ನೂ ಇಲ್ಲೇ ಕುಂತಿದ್ದೀಯ?"

ಹೊರಟಿದ್ದೇನೆ ಅಜ್ಜಿ.

ನಿಮ್ಮ ಮನೆಯವಳು,
ಸಣ್ಣಮ್ಮಣ್ಣಿ